ಉಂಗುರ ಸಿಗದ ಶಕುಂತಲೆ: ಶಿಲ್ಪಿ ಕಮೀಲ್ ಕ್ಲೋಡೆಲ್

ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಯಾವುದಾದರೂ ತರಗತಿಗೆ ಅಧ್ಯಾಪಕರು ಬಾರದಿದ್ದರೆ ಮುಖ್ಯೋಪಾಧ್ಯಾಯರು ನನ್ನನ್ನು ಕಳುಹಿಸುತ್ತಿದ್ದರು. ಅಂಥ ಪೀರಿಯಡ್ಡುಗಳಲ್ಲಿ ಕಥೆ ಹೇಳುವುದು ನನ್ನ ವಾಡಿಕೆ. ಒಮ್ಮೆ ಹತ್ತನೆಯ ತರಗತಿಯಲ್ಲಿ ಕಾಳಿದಾಸನ ಶಾಕುಂತಲದ ಕಥೆಯನ್ನು ಹೇಳಿ ಮುಗಿಸಿದೆ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿತು, ರಾಜನಿಗೆ ನೆನಪು ಮರುಕಳಿಸಿತು, ಸತಿಪತಿಗಳು ಒಂದಾದರು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಉಂಗುರ ಸಿಗದೇ ಹೋಗಿದ್ದರೆ ಶಕುಂತಲೆ ಸುಳ್ಳುಗಾತಿ ಆಗಿಬಿಡುತ್ತಿದ್ದಳಲ್ಲವೇ?" ಎಂದು ಕೇಳಿದಳು. "ಸಿಕ್ಕಿತಲ್ಲಮ್ಮಾ, ಕುಳಿತುಕೋ" ಎಂದು ನಕ್ಕು ಸುಮ್ಮನಾದೆ. ಅಷ್ಟರಲ್ಲಿ ಗಂಟೆಯೂ ಬಾರಿಸಿತು.

ಅಂದು ನಾನು ಉತ್ತರ ಕೊಡಲಿಲ್ಲ, ಉತ್ತರದಿಂದ ತಪ್ಪಿಸಿಕೊಂಡೆ ಎಂಬುದು ಎಷ್ಟೋ ವರ್ಷಗಳ ತರುವಾಯ ಫ್ರಾನ್ಸ್ ದೇಶದ ಒಬ್ಬ ಶಿಲ್ಪಿಯ ಜೀವನವೃತ್ತಾಂತವನ್ನು ಓದುವಾಗ ನನಗೆ ಹೊಳೆಯಿತು. ಆಕೆಯ ಹೆಸರು ಕಮೀಲ್ ಕ್ಲೋಡೆಲ್. ಆಕೆಗೆ ಮೊದಲ ಮನ್ನಣೆಯನ್ನು ತಂದುಕೊಟ್ಟ ದೊಡ್ಡ ಕೃತಿಯ ಹೆಸರು 'ಶಕುಂತಲಾ'. ಆಕೆಯ ಕಥೆಯನ್ನು ಹೇಳುವುದೆಂದರೆ ಆ ಹುಡುಗಿಯ ಪ್ರಶ್ನೆಗೆ ತಡವಾಗಿ ಉತ್ತರ ಬರೆದಂತೆ.

ಕಮೀಲ್ ಹುಟ್ಟಿದ್ದು 1864ರ ಡಿಸೆಂಬರ್ 8ರಂದು, ಈಶಾನ್ಯ ಫ್ರಾನ್ಸಿನ ಫೇರ್-ಆನ್-ತಾರ್ದೆನ್ವಾ ಎಂಬ ಸಣ್ಣ ಊರಿನಲ್ಲಿ. ತಂದೆ ಲೂಯಿ-ಪ್ರಾಸ್ಪೇರ್ ಕ್ಲೋಡೆಲ್ ಸರ್ಕಾರಿ ನೋಂದಣಿ ಇಲಾಖೆಯ ಅಧಿಕಾರಿ. ವರ್ಗಾವಣೆಯಾದಂತೆಲ್ಲ ಸಂಸಾರವೂ ಊರಿಂದೂರಿಗೆ ಹೋಗುತ್ತಿತ್ತು. ಕಮೀಲ್ ಹುಟ್ಟುವ ಮೊದಲು ಒಂದು ಗಂಡುಮಗು ಹುಟ್ಟಿ ಹದಿನೈದೇ ದಿನಗಳಲ್ಲಿ ತೀರಿಕೊಂಡಿತ್ತು. ಆ ಮಗುವಿನ ಬೆನ್ನಿಗೆ ಬಂದ ಈ ಹೆಣ್ಣುಮಗುವಿನ ಮೇಲೆ ತಾಯಿಗೆ ಮಮತೆ ಎಂದೂ ಅರಳಲಿಲ್ಲ. ನಂತರ ತಂಗಿ ಲೂಯಿಸ್, 1868ರಲ್ಲಿ ತಮ್ಮ ಪಾಲ್ ಹುಟ್ಟಿದರು. ಈ ಪಾಲ್ ಕ್ಲೋಡೆಲನೇ ಮುಂದೆ ಫ್ರಾನ್ಸಿನ ಪ್ರಸಿದ್ಧ ಕವಿ, ನಾಟಕಕಾರ, ರಾಯಭಾರಿ ಎನಿಸಿದವನು.

ವಿಲ್‌ನ್ಯೂವ್ ಎಂಬ ಹಳ್ಳಿಯ ತಾಯಿಯ ಕಡೆಯ ಮನೆಯಲ್ಲಿ ರಜೆ ಕಳೆಯುವಾಗ ಬಾಲಕಿ ಕಮೀಲ್ ಜೇಡಿಮಣ್ಣನ್ನು ಹೊತ್ತು ತಂದು ಮೂರ್ತಿಗಳನ್ನು ಮಾಡುತ್ತಿದ್ದಳು. ಮಣ್ಣು ಮೆತ್ತಿದ ಲಂಗವನ್ನು ಕಂಡು ತಾಯಿ ಸಿಡುಕುತ್ತಿದ್ದಳು. ತಂದೆ ಮಾತ್ರ ಆ ಮೂರ್ತಿಗಳನ್ನು ನಿಂತು ನೋಡುತ್ತಿದ್ದ. 1876ರಲ್ಲಿ ಸಂಸಾರ ನೋಜಾನ್-ಸೂರ್-ಸೆನ್ ಎಂಬ ಊರಿಗೆ ಬಂದಾಗ ಅಲ್ಲಿಯವನೇ ಆದ ಶಿಲ್ಪಿ ಆಲ್ಫ್ರೆಡ್ ಬೂಶೆಯ ಅಭಿಪ್ರಾಯವನ್ನು ತಂದೆ ಕೇಳಿದ. ಇದು ಸಾಮಾನ್ಯ ಪ್ರತಿಭೆಯಲ್ಲವೆಂದು ಬೂಶೆ ಹೇಳಿದ. ಆ ಒಂದು ಮಾತಿನ ಬಲದ ಮೇಲೆ 1881ರಲ್ಲಿ ತಾಯಿ ಮತ್ತು ಮೂವರು ಮಕ್ಕಳು ಪ್ಯಾರಿಸಿಗೆ ಬಂದು ನೆಲೆಸಿದರು. ತಂದೆ ತನ್ನ ಉದ್ಯೋಗದ ಊರಿನಲ್ಲಿಯೇ ಉಳಿದು ಹಣ ಕಳುಹಿಸುತ್ತಿದ್ದ. ಮಗಳ ವಿದ್ಯೆಗಾಗಿ ಸಂಸಾರವನ್ನು ಎರಡು ಕಡೆ ನಡೆಸಿದ ಆ ತಂದೆಯನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಆತನ ಮರಣ ಈ ಕಥೆಯಲ್ಲಿ ಮುಂದೆ ಬರುತ್ತದೆ.

ಪ್ಯಾರಿಸಿನಲ್ಲಿ ಶಿಲ್ಪಕಲೆ ಕಲಿಸುವ ಶ್ರೇಷ್ಠ ಸರ್ಕಾರಿ ಶಾಲೆ ಇತ್ತು: ಎಕೋಲ್ ದೆ ಬೋಜಾರ್. ಆದರೆ ಅದರ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಕಮೀಲ್ ಪ್ಯಾರಿಸಿಗೆ ಬಂದ ವರ್ಷವೇ, ಅಂದರೆ 1881ರಲ್ಲಿ, ಹಿರಿಯ ಶಿಲ್ಪಿ ಎಲೆನ್ ಬರ್ಟೋ ಎಂಬಾಕೆ ಮಹಿಳಾ ಚಿತ್ರಕಾರರ ಮತ್ತು ಶಿಲ್ಪಿಗಳ ಸಂಘವೊಂದನ್ನು ಕಟ್ಟಿ, ಆ ಬಾಗಿಲನ್ನು ತೆರೆಸಲು ಹೋರಾಟ ಹೂಡಿದಳು. ಬಾಗಿಲು ತೆರೆದದ್ದು 1897ರಲ್ಲಿ. ಆಗ ಕಮೀಲ್‌ಗೆ ಮೂವತ್ತೆರಡು ವರ್ಷ. ಕಲಿಯುವ ವಯಸ್ಸಿನಲ್ಲಿ ಆಕೆಗೆ ದಕ್ಕಿದ್ದು ಕೊಲರೋಸಿ ಅಕಾಡೆಮಿ ಎಂಬ ಖಾಸಗಿ ಶಾಲೆ. ಅಲ್ಲಿ ಹುಡುಗಿಯರೂ ಸಜೀವ ಮಾದರಿಗಳನ್ನು ನೋಡಿ ದೇಹರಚನೆಯನ್ನು ಅಭ್ಯಾಸ ಮಾಡಬಹುದಾಗಿತ್ತು. ಜೊತೆಗೆ ಆಕೆ ಕೆಲವು ಇಂಗ್ಲಿಷ್ ಗೆಳತಿಯರೊಡನೆ ಸೇರಿ ಒಂದು ಕಾರ್ಯಶಾಲೆಯನ್ನು ಬಾಡಿಗೆಗೆ ಹಿಡಿದಳು. ಬೂಶೆ ಬಂದು ಕೆಲಸವನ್ನು ತಿದ್ದುತ್ತಿದ್ದ. ಆತ ಇಟಲಿಗೆ ಹೊರಟಾಗ ತನ್ನ ಶಿಷ್ಯೆಯರನ್ನು ನೋಡಿಕೊಳ್ಳುವಂತೆ ಒಬ್ಬ ಸ್ನೇಹಿತನನ್ನು ಕೇಳಿಕೊಂಡ. ಆ ಸ್ನೇಹಿತನೇ ಆಗುಸ್ತ್ ರೋದ್ಯಾ. ಗಲ್ಲಕ್ಕೆ ಕೈಯಾನಿಸಿ ಕುಳಿತ 'ಚಿಂತಕ'ನ ಶಿಲ್ಪವನ್ನು ನೀವೆಲ್ಲರೂ ಚಿತ್ರದಲ್ಲಾದರೂ ಕಂಡಿರುತ್ತೀರಿ. ಅದನ್ನು ಮಾಡಿದವನು ಈತನೇ.

ರೋದ್ಯಾ ಕಮೀಲ್‌ಗಿಂತ ಇಪ್ಪತ್ತನಾಲ್ಕು ವರ್ಷ ಹಿರಿಯ. ಸುಮಾರು 1884ರ ಹೊತ್ತಿಗೆ ಆಕೆ ಆತನ ಕಾರ್ಯಶಾಲೆಯಲ್ಲಿ ಸಹಾಯಕಳಾಗಿ ಸೇರಿದಳು. ಕೈಕಾಲುಗಳನ್ನು ರೂಪಿಸುವುದು ಶಿಲ್ಪದಲ್ಲಿ ಅತ್ಯಂತ ಕಷ್ಟದ ಕೆಲಸಗಳಲ್ಲೊಂದು. ರೋದ್ಯಾ ತನ್ನ ಮೂರ್ತಿಗಳ ಆ ಭಾಗವನ್ನು ಆಕೆಗೆ ಒಪ್ಪಿಸುತ್ತಿದ್ದ. ಆ ಕಾಲದ ಹೆಚ್ಚಿನ ಶಿಲ್ಪಿಗಳು ಮಣ್ಣಿನಲ್ಲಿ ಮೂರ್ತಿ ಮಾಡಿ, ಅಮೃತಶಿಲೆಯಲ್ಲಿ ಕೆತ್ತುವ ಕೆಲಸವನ್ನು ಕೂಲಿಯ ಕುಶಲಿಗಳಿಗೆ ಬಿಡುತ್ತಿದ್ದರು. ಕಮೀಲ್ ಉಳಿ ಸುತ್ತಿಗೆ ಹಿಡಿದು ಕಲ್ಲನ್ನು ತಾನೇ ಕೆತ್ತಬಲ್ಲವಳಾಗಿದ್ದಳು. ಗುರುಶಿಷ್ಯ ಸಂಬಂಧ ಪ್ರೇಮಕ್ಕೆ ತಿರುಗಿತು. ಆದರೆ ರೋದ್ಯಾನಿಗೆ 1864ರಿಂದಲೇ ರೋಸ್ ಬ್ಯೂರೆ ಎಂಬ ಸಂಗಾತಿಯಿದ್ದಳು. ಆಕೆಯನ್ನು ಬಿಡಲು ಆತ ಎಂದೂ ಸಿದ್ಧನಾಗಲಿಲ್ಲ. 1886ರ ಅಕ್ಟೋಬರಿನಲ್ಲಿ ಆತ ಕಮೀಲ್‌ಗೆ ಒಂದು ಕಾಗದ ಬರೆದುಕೊಟ್ಟ: ಇನ್ನು ಮುಂದೆ ಅವಳೊಬ್ಬಳನ್ನೇ ಶಿಷ್ಯೆಯೆಂದು ಇಟ್ಟುಕೊಳ್ಳುವುದಾಗಿ, ಅವಳನ್ನು ವರಿಸುವುದಾಗಿ ಅದರಲ್ಲಿ ಭರವಸೆಯಿತ್ತು. ಆಶ್ರಮದಲ್ಲಿ ಉಂಗುರ ತೊಡಿಸಿ ಹೋದ ದುಷ್ಯಂತನ ನೆನಪು ನಮಗೆ ಬಾರದಿರದು.

ನಾವು ಹಾಗೆ ನೆನೆಯುವ ಮೊದಲೇ ಕಮೀಲ್ ನೆನೆದಿದ್ದಳೋ ಏನೋ. ಅದೇ 1886ರಲ್ಲಿ ಆಕೆ ಕೈಗೆತ್ತಿಕೊಂಡ ವಸ್ತುವೇ ಶಕುಂತಲೆ. ಕಾಳಿದಾಸ ಫ್ರೆಂಚರಿಗೆ ಅಪರಿಚಿತನಾಗಿರಲಿಲ್ಲ. ವಿಲಿಯಂ ಜೋನ್ಸ್ 1789ರಲ್ಲಿ ಶಾಕುಂತಲವನ್ನು ಇಂಗ್ಲಿಷಿಗೆ ತಂದ ಮೇಲೆ, 1830ರಲ್ಲಿ ಶೇಝೀ ಎಂಬ ವಿದ್ವಾಂಸ ಸಂಸ್ಕೃತದಿಂದ ಫ್ರೆಂಚಿಗೆ ಅನುವಾದಿಸಿದ್ದ. 1858ರಲ್ಲಿ ಪ್ಯಾರಿಸಿನ ಆಪೆರಾದಲ್ಲಿ ಅದು ನೃತ್ಯನಾಟಕವೂ ಆಗಿತ್ತು. ಸರಿಸುಮಾರು ಕಮೀಲ್ ಈ ವಸ್ತುವನ್ನು ಕೈಗೆತ್ತಿಕೊಂಡ ಕಾಲಕ್ಕೇ ನಮ್ಮ ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿದ್ದ 'ಅಭಿನವ ಕಾಳಿದಾಸ' ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲ ಜನರ ಕಿವಿಗೆ ಬೀಳುತ್ತಿತ್ತು. ಒಬ್ಬಳೇ ಶಕುಂತಲೆ, ಅಲ್ಲಿ ಮಣ್ಣಿನಲ್ಲಿ, ಇಲ್ಲಿ ಕಂದದಲ್ಲಿ.

ಕಮೀಲ್ ಆರಿಸಿಕೊಂಡದ್ದು ನಾಟಕದ ಕೊನೆಯ ಅಂಕದ ಸನ್ನಿವೇಶ. ಮರೀಚಾಶ್ರಮದಲ್ಲಿ ದುಷ್ಯಂತ ಮಡದಿಯ ಕಾಲಿಗೆರಗುತ್ತಾನಲ್ಲ, ಆ ಗಳಿಗೆ. ಆಕೆಯ ಶಿಲ್ಪದಲ್ಲಿ ಅರಸನಿಗೆ ಕಿರೀಟವಿಲ್ಲ, ಒಡವೆಯಿಲ್ಲ. ಆತ ಮಂಡಿಯೂರಿ ಮುಖವೆತ್ತಿದ್ದಾನೆ. ಶಕುಂತಲೆ ನಿಂತಲ್ಲಿಯೇ ಬಾಗಿ, ಒಂದು ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದು ತೋಳನ್ನು ಇಳಿಬಿಟ್ಟು, ತಲೆಯನ್ನು ಅವನ ತಲೆಗೆ ಆನಿಸಿದ್ದಾಳೆ. ಆ ಇಳಿಬಿದ್ದ ತೋಳಿನಲ್ಲಿ ಕೋಪವಿಲ್ಲ, ಗೆಲುವೂ ಇಲ್ಲ. ಬಹಳ ಕಾಲ ಕಾದು ದಣಿದ ಜೀವದ ಭಾರವಿದೆ. ಈ ಕೆಲಸಕ್ಕಾಗಿ ಬೆಳಿಗ್ಗೆ ಹೆಣ್ಣಿನ ಮಾದರಿ, ಸಂಜೆ ಗಂಡಿನ ಮಾದರಿ ಎಂದು ಆಕೆ ದಿನವಿಡೀ ದುಡಿದಳು. 1888ರ ವಾರ್ಷಿಕ ಕಲಾಪ್ರದರ್ಶನದಲ್ಲಿ ಅದರ ಪ್ಲಾಸ್ಟರ್ ಪ್ರತಿಗೆ ಗೌರವ ಮನ್ನಣೆ ದೊರೆಯಿತು. ಆದರೆ ಅದನ್ನು ಅಮೃತಶಿಲೆಯಲ್ಲಿ ಮಾಡಿಸಲು ಯಾರೂ ಮುಂದೆ ಬರಲಿಲ್ಲ. 1895ರಲ್ಲಿ ಆಕೆ ಪ್ಲಾಸ್ಟರ್ ಪ್ರತಿಯನ್ನು ಶಾತೋರೂ ಎಂಬ ಊರಿನ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟಾಗ ಅಲ್ಲಿನ ಕೆಲವರು ಅದನ್ನು ಗೇಲಿಮಾಡಿದರು. 1905ರಲ್ಲಿ, ಕುಲೀನ ಮಹಿಳೆಯೊಬ್ಬಳ ನೆರವಿನಿಂದ, ಅದೇ ಶಿಲ್ಪ ಕೊನೆಗೂ ಅಮೃತಶಿಲೆಗೆ ಬಂತು; ಆದರೆ ಹೆಸರು ಬದಲಾಗಿ ರೋಮನ್ ಪುರಾಣದ 'ವರ್ಟುಮ್ನಸ್ ಮತ್ತು ಪೊಮೋನಾ' ಆಗಿತ್ತು. ಕಂಚಿನ ಪ್ರತಿಗೆ 'ಶರಣಾಗತಿ' ಎಂಬ ಅರ್ಥದ ಬೇರೊಂದು ಹೆಸರು. ಶಕುಂತಲೆ ತನ್ನ ಹೆಸರನ್ನೂ ಕಳೆದುಕೊಂಡಳು.

ಇಲ್ಲಿ ಶಿಲ್ಪಿಯ ಬದುಕಿನ ಲೆಕ್ಕಾಚಾರವನ್ನು ಸ್ವಲ್ಪ ತಿಳಿಯಬೇಕು. ಕವಿಗೆ ಕಾಗದ ಲೇಖನಿ ಸಾಕು. ಚಿತ್ರಕಾರನಿಗೆ ಬಟ್ಟೆ ಬಣ್ಣ ಬೇಕು. ಶಿಲ್ಪಿಗೆ ಮಾದರಿಗಳ ಕೂಲಿ, ಅಚ್ಚು ತೆಗೆಯುವವನ ಕೂಲಿ, ಕಲ್ಲಿನ ಬೆಲೆ, ಕಂಚಿನ ಎರಕದ ಖರ್ಚು, ದೊಡ್ಡ ಕಾರ್ಯಶಾಲೆಯ ಬಾಡಿಗೆ ಎಲ್ಲವೂ ಬೇಕು. ಇಷ್ಟನ್ನು ಹೊರಬಲ್ಲ ಗಿರಾಕಿಗಳಲ್ಲಿ ಮುಖ್ಯವಾದದ್ದು ಸರ್ಕಾರ. ಸರ್ಕಾರದ ಒಪ್ಪಿಗೆಯೇ ಶಿಲ್ಪಿಯ ಮುದ್ರೆಯುಂಗುರ. ಅದು ಕಮೀಲ್‌ನ ಕೈಗೆ ಬಂದು ಬಂದು ಜಾರಿತು. ತಿರುಗುತ್ತ ತೇಲಿಹೋಗುವಂತಿರುವ ಜೋಡಿಯ 'ವಾಲ್ಟ್ಜ್ ನೃತ್ಯ'ವನ್ನು 1892ರಲ್ಲಿ ನೋಡಿದ ಸರ್ಕಾರಿ ಪರಿವೀಕ್ಷಕ ಅದರ ಕುಶಲತೆಯನ್ನು ಹೊಗಳಿದರೂ ನಗ್ನತೆಯನ್ನು ಆಕ್ಷೇಪಿಸಿದ. ಆಕೆ ವಸ್ತ್ರದ ಮಡಿಕೆಗಳನ್ನು ಸೇರಿಸಿದಳು. ಆದರೂ ಅಮೃತಶಿಲೆಯ ಆದೇಶ ಕೈಗೂಡಲಿಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು, 1888ರಲ್ಲಿ, ರೋದ್ಯಾನ ನಗ್ನ ಪ್ರೇಮಿಗಳ 'ಚುಂಬನ'ವನ್ನು ಅಮೃತಶಿಲೆಯಲ್ಲಿ ಮಾಡಲು ಆದೇಶ ಕೊಟ್ಟದ್ದು ಇದೇ ಸರ್ಕಾರ. 'ವಾಲ್ಟ್ಜ್'ನ ಒಂದು ಪ್ರತಿಯನ್ನು ಸಂಗೀತಗಾರ ದೆಬುಸ್ಸಿ ಕೊನೆಯವರೆಗೂ ತನ್ನ ಬಳಿ ಇಟ್ಟುಕೊಂಡಿದ್ದ. ಅಭಿಜ್ಞರಿಗೆ ಗುರುತು ಹತ್ತಿತ್ತು. ಗುರುತಿಸಬೇಕಾಗಿದ್ದ ಆಸ್ಥಾನಕ್ಕೆ ಹತ್ತಲಿಲ್ಲ.

1892-93ರ ವೇಳೆಗೆ ಕಮೀಲ್ ರೋದ್ಯಾನಿಂದ ದೂರ ಸರಿದು ಸ್ವತಂತ್ರವಾಗಿ ದುಡಿಯತೊಡಗಿದಳು. 1898ರಲ್ಲಿ ಸಂಬಂಧ ಪೂರ್ತಿ ಕಡಿಯಿತು. ಈ ಅವಧಿಯ ಕೃತಿಗಳೇ ಆಕೆಯ ನಿಜವಾದ ಸ್ವಂತಿಕೆಯ ಸಾಕ್ಷಿ. ಗೋಡೆಯ ಮೂಲೆಯಲ್ಲಿ ನಾಲ್ವರು ಹೆಂಗಸರು ತಲೆಗೆ ತಲೆ ಸೇರಿಸಿ ಗುಟ್ಟು ಹೇಳಿಕೊಳ್ಳುವ 'ಹರಟೆಮಲ್ಲಿಯರು' ಗಾತ್ರದಲ್ಲಿ ಚಿಕ್ಕದು. ಜಪಾನಿನ ಹೊಕುಸಾಯ್‌ನ ಚಿತ್ರದಿಂದ ಸ್ಫೂರ್ತಿ ಪಡೆದ 'ಅಲೆ'ಯಲ್ಲಿ ಕೈಕೈ ಹಿಡಿದು ನಿಂತ ಮೂವರು ಹುಡುಗಿಯರ ಮೇಲೆ ಹಸಿರು ಓನಿಕ್ಸ್ ಕಲ್ಲಿನ ತೆರೆಯೊಂದು ಹೆಡೆಯೆತ್ತಿದೆ. ವೀರರು, ದೇವತೆಗಳು, ಮಹಾಪುರುಷರೇ ಶಿಲ್ಪಕ್ಕೆ ತಕ್ಕ ವಸ್ತುಗಳೆಂದು ನಂಬಿದ್ದ ಕಾಲದಲ್ಲಿ ಬೀದಿಯಲ್ಲಿ, ರೈಲಿನಲ್ಲಿ ಕಂಡ ಸಾಧಾರಣ ಜನರ ಭಂಗಿಗಳು ಆಕೆಗೆ ವಸ್ತುವಾದವು.

ಇದೇ ಕಾಲದ ಮಹಾಕೃತಿ 'ಪ್ರೌಢ ವಯಸ್ಸು'. ಮುದುಕಿಯೊಬ್ಬಳು ನಡುಹರೆಯದ ಗಂಡಸನ್ನು ಎಳೆದೊಯ್ಯುತ್ತಿದ್ದಾಳೆ. ಹಿಂದೆ ಮಂಡಿಯೂರಿದ ತರುಣಿ ಎರಡೂ ಕೈಗಳನ್ನು ಚಾಚಿದ್ದಾಳೆ. ಆಕೆಯ ಬೆರಳುಗಳಿಗೂ ಆತನ ಕೈಗೂ ನಡುವೆ ಬರಿಯ ಗಾಳಿ. ಶಕುಂತಲೆಯ ಶಿಲ್ಪದಲ್ಲಿ ಮಂಡಿಯೂರಿದವನು ಗಂಡು, ಇಲ್ಲಿ ಹೆಣ್ಣು. ಹತ್ತು ವರ್ಷಗಳಲ್ಲಿ ಏನಾಯಿತೆಂಬುದನ್ನು ಈ ಎರಡು ಶಿಲ್ಪಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಯಾರಾದರೂ ಓದಿಕೊಳ್ಳಬಹುದು. 1895ರಲ್ಲಿ ಸರ್ಕಾರ ಇದರ ಪ್ಲಾಸ್ಟರ್ ಪ್ರತಿಗೆ ಆದೇಶ ಕೊಟ್ಟಿತು. 1899ರಲ್ಲಿ ಕಂಚಿನ ಪ್ರತಿಯ ಆದೇಶ ರದ್ದಾಯಿತು. 1902ರಲ್ಲಿ ಅದನ್ನು ತನ್ನ ಸ್ವಂತ ಹಣದಿಂದ ಎರಕ ಹೊಯ್ಯಿಸಿದವನು ಟಿಸಿಯೇ ಎಂಬ ಒಬ್ಬ ಸೇನಾ ಕ್ಯಾಪ್ಟನ್.

1899ರಲ್ಲಿ ಕಮೀಲ್ ಸೆನ್ ನದಿಯ ನಡುಗಡ್ಡೆಯ ಕೇ ಬೂರ್ಬಾನ್ ಬೀದಿಯ ಮನೆಗೆ ಹೋದಳು. ಬಡತನ, ಒಂಟಿತನ, ಅದರ ಮೇಲೆ ವಿಚಿತ್ರವಾದ ಭಯ. ರೋದ್ಯಾ ಮತ್ತು ಅವನ ಕಡೆಯವರು ತನ್ನ ಕೃತಿಗಳನ್ನು ಕದಿಯುತ್ತಾರೆ, ತನಗೆ ವಿಷವಿಡುತ್ತಾರೆ ಎಂದು ಆಕೆ ನಂಬತೊಡಗಿದಳು. 1905ರ ಡಿಸೆಂಬರಿನಲ್ಲಿ ಯೂಜೀನ್ ಬ್ಲೋ ಎಂಬ ಕಲಾವ್ಯಾಪಾರಿ ಆಕೆಯ ಕೃತಿಗಳ ಪ್ರದರ್ಶನ ನಡೆಸಿದ. ಅನಂತರ ಆಕೆ ತನ್ನ ಮೂರ್ತಿಗಳನ್ನು ತಾನೇ ಸುತ್ತಿಗೆಯಿಂದ ಒಡೆದುಹಾಕತೊಡಗಿದಳು. ಆಕೆಗೆ ಮನೋರೋಗವಿರಲಿಲ್ಲ, ಎಲ್ಲವೂ ಪಿತೂರಿ ಎಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ರೋದ್ಯಾನೊಬ್ಬನನ್ನೇ ಖಳನಾಯಕನನ್ನಾಗಿ ಮಾಡುವುದೂ ಸರಿಯಲ್ಲ. ಬೇರೆಯಾದ ಮೇಲೂ ಆತ ಮಿತ್ರರ ಮೂಲಕ ಆಕೆಗೆ ಕೆಲಸ ಕೊಡಿಸಲು ಯತ್ನಿಸಿದ, ಹಣ ಕಳುಹಿಸಿದ. 1914ರಲ್ಲಿ ತನ್ನ ವಸ್ತುಸಂಗ್ರಹಾಲಯದಲ್ಲಿ ಆಕೆಯ ಕೃತಿಗಳಿಗೆ ಒಂದು ಕೋಣೆ ಮೀಸಲಿಡಲು ಒಪ್ಪಿದ. ದೂರ್ವಾಸರ ಶಾಪಕ್ಕಾದರೂ ಒಬ್ಬ ಮುನಿಯ ಮುಖವಿತ್ತು. ಈ ಶಾಪದಲ್ಲಿ ಹಲವರ ಪಾಲಿತ್ತು.

1913ರ ಮಾರ್ಚ್ 2ರಂದು ತಂದೆ ತೀರಿಕೊಂಡ. ಮಗಳಿಗೆ ಸುದ್ದಿಯನ್ನೇ ತಿಳಿಸಲಿಲ್ಲ. ಎಂಟು ದಿನ ಕಳೆಯುವಷ್ಟರಲ್ಲಿ, ಮಾರ್ಚ್ 10ರಂದು, ಆಕೆಯನ್ನು ಮನೆಯಿಂದ ಹಿಡಿದೊಯ್ದು ವಿಲ್-ಎವ್ರಾರ್ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1838ರ ಕಾಯಿದೆಯಂತೆ ಮನೆಯವರ ಕೋರಿಕೆ, ವೈದ್ಯರ ಪ್ರಮಾಣಪತ್ರ ಇಷ್ಟಿದ್ದರೆ ಸಾಕಾಗಿತ್ತು. ಮರುವರ್ಷ ಮಹಾಯುದ್ಧ ಸಿಡಿದಾಗ ರೋಗಿಗಳನ್ನು ದಕ್ಷಿಣಕ್ಕೆ ಸಾಗಿಸಿದರು. ಆವಿನ್ಯೋನ್ ಪಟ್ಟಣದ ಬಳಿಯ ಮೋಂದೆವೆರ್ಗ್ ಆಸ್ಪತ್ರೆಗೆ 1914ರಲ್ಲಿ ಹೋದ ಕಮೀಲ್ ಅಲ್ಲಿಂದ ಮತ್ತೆ ಹೊರಗೆ ಬರಲಿಲ್ಲ.

ಆಕೆ ಕಾಗದಗಳನ್ನು ಬರೆದಳು. ಚಳಿಯ ಬಗೆಗೆ, ಊಟದ ಬಗೆಗೆ, ಗದ್ದಲದ ಬಗೆಗೆ ಬರೆದಳು. ವಿಲ್‌ನ್ಯೂವಿನ ಮನೆಗೆ ಕರೆದುಕೊಂಡು ಹೋಗಿರೆಂದು ಬೇಡಿಕೊಂಡಳು. ವಿಷದ ಭಯದಿಂದ ಸಿಪ್ಪೆ ಸಹಿತ ಆಲೂಗಡ್ಡೆಯನ್ನೂ ಮೊಟ್ಟೆಯನ್ನೂ ತಾನೇ ಬೇಯಿಸಿಕೊಳ್ಳುತ್ತಿದ್ದಳು. 1920ರಲ್ಲಿ ಆಸ್ಪತ್ರೆಯ ವೈದ್ಯರೇ ತಾಯಿಗೆ ಬರೆದು, ಪರೀಕ್ಷಾರ್ಥವಾಗಿ ಮನೆಗೆ ಕರೆದುಕೊಳ್ಳಬಹುದೆಂದು ಸೂಚಿಸಿದರು. ತಾಯಿ ಖಡಾಖಂಡಿತವಾಗಿ ನಿರಾಕರಿಸಿದಳು. ತಿನಿಸು, ಬಟ್ಟೆಗಳ ಪೊಟ್ಟಣ ಕಳುಹಿಸುತ್ತಿದ್ದ ಆ ತಾಯಿ 1929ರಲ್ಲಿ ಸಾಯುವವರೆಗೂ ಒಮ್ಮೆಯೂ ಮಗಳ ಮುಖ ನೋಡಲು ಹೋಗಲಿಲ್ಲ. ತಮ್ಮ ಪಾಲ್ ಟೋಕಿಯೋ, ವಾಷಿಂಗ್ಟನ್, ಬ್ರಸೆಲ್ಸ್‌ಗಳಲ್ಲಿ ರಾಯಭಾರಿಯಾಗಿದ್ದವನು, ಮೂವತ್ತು ವರ್ಷಗಳಲ್ಲಿ ಹತ್ತು-ಹನ್ನೆರಡು ಸಲ ಮಾತ್ರ ಬಂದು ಹೋದ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರದ ಪ್ರಸ್ತಾಪವೇ ಇಲ್ಲವೆಂಬುದು ಬಲ್ಲವರಿಗೆ ಗೊತ್ತು. ಅಲ್ಲಿ ಶಕುಂತಲೆ ತುಂಬಿದ ಸಭೆಯಲ್ಲಿ ತಾನೇ ವಾದಿಸುತ್ತಾಳೆ. ಕೊನೆಗೆ ಅಶರೀರವಾಣಿ ಸಾಕ್ಷಿ ನುಡಿಯುತ್ತದೆ. ಕಮೀಲ್‌ನ ಕಾಗದಗಳು ಅಂಥ ವಾದವೇ. ಆದರೆ ಆಕೆಗೆ ಸಭೆಯಿರಲಿಲ್ಲ, ಆಕಾಶವೂ ಮಾತಾಡಲಿಲ್ಲ. ಆ ಮೂವತ್ತು ವರ್ಷಗಳಲ್ಲಿ ಆಕೆ ಶಿಲ್ಪದ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ.

1929ರಲ್ಲಿ ಇಂಗ್ಲೆಂಡಿನಿಂದ ಒಬ್ಬಳು ಬಂದಳು: ಪ್ಯಾರಿಸಿನ ಆ ಹಳೆಯ ಬಾಡಿಗೆ ಕಾರ್ಯಶಾಲೆಯ ಗೆಳತಿ, ಶಿಲ್ಪಿ ಜೆಸ್ಸಿ ಲಿಪ್ಸ್‌ಕೂಂಬ್. ಗಂಡನೊಡನೆ ಅಷ್ಟು ದೂರ ಹುಡುಕಿಕೊಂಡು ಬಂದಿದ್ದಳು. ಗಂಡ ತೆಗೆದ ಭಾವಚಿತ್ರ ಇಂದಿಗೂ ಉಳಿದಿದೆ. ಟೋಪಿ, ಹಳೆಯ ಕೋಟು ಧರಿಸಿದ ಮುದುಕಿ ಕುರ್ಚಿಯಲ್ಲಿ ಕುಳಿತಿದ್ದಾಳೆ, ಕೈಕಟ್ಟಿಕೊಂಡಿದ್ದಾಳೆ. ಎಷ್ಟೋ ಕೈಗಳನ್ನು ಮಣ್ಣಿನಿಂದ ಎಬ್ಬಿಸಿದ ಆ ಕೈಗಳು ತೋಳಿನ ಮಡಿಲಲ್ಲಿ ಅಡಗಿವೆ. ನನಗೆ ಆಕೆಯ ಶಿಲ್ಪಗಳಿಗಿಂತಲೂ ಹೆಚ್ಚಾಗಿ ಕಾಡುವುದು ಈ ಚಿತ್ರ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮಾನಸಿಕ ಆಸ್ಪತ್ರೆಗಳಲ್ಲಿ ಹತ್ತಾರು ಸಾವಿರ ರೋಗಿಗಳು ಹಸಿವಿನಿಂದ ಸೊರಗಿ ಸತ್ತರು. ಆ ದಿನಗಳಲ್ಲೇ, 1943ರ ಅಕ್ಟೋಬರ್ 19ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಕಮೀಲ್ ತೀರಿಕೊಂಡಳು. ಅಂತ್ಯಕ್ರಿಯೆಗೆ ಮನೆಯವರು ಯಾರೂ ಬರಲಿಲ್ಲ. ಅಸ್ಥಿಗಳು ಮುಂದೆ ಸಾಮೂಹಿಕ ಗುಂಡಿಗೆ ಸೇರಿದವು. ಮನೆಯವರು ವರ್ಷಗಳ ನಂತರ ಸಮಾಧಿಯನ್ನು ಕೇಳಿದಾಗ ತೋರಿಸಲು ಏನೂ ಇರಲಿಲ್ಲ.

ಉಂಗುರ ನೀರಿನ ತಳದಲ್ಲಿಯೇ ಬಹಳ ಕಾಲ ಇತ್ತು. 1951ರಲ್ಲಿ ವೃದ್ಧ ಪಾಲ್ ಕ್ಲೋಡೆಲ್ ಪ್ಯಾರಿಸಿನ ರೋದ್ಯಾ ವಸ್ತುಸಂಗ್ರಹಾಲಯದಲ್ಲಿ ಅಕ್ಕನ ಕೃತಿಗಳ ಪ್ರದರ್ಶನ ಏರ್ಪಡಿಸಿದ. ಜನರ ಗಮನ ಅಷ್ಟಾಗಿ ಹರಿಯಲಿಲ್ಲ. 1980ರ ದಶಕದಲ್ಲಿ ಕಥೆ ಬದಲಾಯಿತು. ಆನ್ ದೆಲ್ಬೇ ಬರೆದ ನಾಟಕ ಮತ್ತು ಕಾದಂಬರಿ, ಪಾಲ್‌ನ ಮೊಮ್ಮಗಳು ರೆನ್-ಮರೀ ಪಾರೀ 1984ರಲ್ಲಿ ಬರೆದ ಜೀವನಚರಿತ್ರೆ, 1988ರಲ್ಲಿ ಇಸಬೆಲ್ ಅಜಾನಿ ನಟಿಸಿದ ಚಲನಚಿತ್ರ ಇವು ಕಮೀಲ್‌ನ ಹೆಸರನ್ನು ಮನೆಮನೆಗೆ ಮುಟ್ಟಿಸಿದವು. 2017ರ ಮಾರ್ಚ್ 26ರಂದು ನೋಜಾನ್-ಸೂರ್-ಸೆನ್‌ನಲ್ಲಿ, ಬಾಲ್ಯದಲ್ಲಿ ಆಕೆ ಬಾಳಿದ ಮನೆಯನ್ನೇ ಒಳಗೊಂಡು, ಕಮೀಲ್ ಕ್ಲೋಡೆಲ್ ವಸ್ತುಸಂಗ್ರಹಾಲಯ ತೆರೆಯಿತು. ಪ್ಯಾರಿಸಿನ ಮನೆಯೊಂದರಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ 'ಪ್ರೌಢ ವಯಸ್ಸು' ಶಿಲ್ಪದ ಕಂಚಿನ ಪ್ರತಿಯೊಂದು 2025ರ ಫೆಬ್ರವರಿಯಲ್ಲಿ 30 ಲಕ್ಷ ಯೂರೋಗಳಿಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ಸರ್ಕಾರ ಎರಕಕ್ಕೆ ಹಣ ಕೊಡದೆ ಹಿಂದೆಗೆದ ಶಿಲ್ಪವೇ ಅದು!

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಮಗೂ, ಉಂಗುರ ಸಿಗದೇ ಹೋಗಿದ್ದರೂ ಶಕುಂತಲೆ ಸುಳ್ಳುಗಾತಿ ಆಗುತ್ತಿರಲಿಲ್ಲ. ಆಕೆಯ ಸತ್ಯ ಸತ್ಯವಾಗಿಯೇ ಇರುತ್ತಿತ್ತು; ಆದರೆ ಆಕೆಯ ಬದುಕು ಹಾಳಾಗುತ್ತಿತ್ತು. ಇವೆರಡೂ ಬೇರೆ ಬೇರೆ ಎಂಬುದನ್ನು ನಾನು ಅಂದೇ ಹೇಳಬೇಕಾಗಿತ್ತು. ಕಾಲವೇ ನ್ಯಾಯ ಕೊಡುತ್ತದೆ ಎಂದು ನಾವು ಹಿರಿಯರು ಸುಲಭವಾಗಿ ಹೇಳಿಬಿಡುತ್ತೇವೆ. ಕಾಲ ಕಮೀಲ್‌ಗೆ ವಸ್ತುಸಂಗ್ರಹಾಲಯ ಕೊಟ್ಟಿತು. ವಿಲ್‌ನ್ಯೂವಿನ ಮನೆಯಲ್ಲಿ ಒಂದು ಕೋಣೆಯನ್ನು ಕೊಡಲಿಲ್ಲ. ಅದನ್ನು ಕೊಡಬಹುದಾಗಿದ್ದವರು ಮನುಷ್ಯರು. ಅದಕ್ಕೆ ಬೇಕಾಗಿದ್ದದ್ದು ಒಂದು ಸಹಿ.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು ನಾನು. ಹಿಂದಿನ ಬೆಂಚಿನಲ್ಲಿ ಕುಳಿತ ಎಷ್ಟು ಮಕ್ಕಳ ಕೈಯಲ್ಲಿ ಯಾವ ಯಾವ ವಿದ್ಯೆಯಿತ್ತೋ, ನಾನು ಎಷ್ಟನ್ನು ಗುರುತಿಸಿದೆನೋ, ಎಷ್ಟನ್ನು "ಕುಳಿತುಕೋ" ಎಂದು ಕೂರಿಸಿದೆನೋ, ಈಗ ಲೆಕ್ಕ ಹಾಕಿದರೆ ಎದೆ ಭಾರವಾಗುತ್ತದೆ. ನಿಮ್ಮಲ್ಲಿ ಹಲವರು ಈಗ ತಂದೆತಾಯಿಯರು, ಕೆಲವರು ಉಪಾಧ್ಯಾಯರೂ ಆಗಿದ್ದೀರಿ. ಮನೆಯಂಗಳದಲ್ಲಿ ಮಣ್ಣು ಮೆತ್ತಿಕೊಂಡ ಲಂಗದ ಹುಡುಗಿಯೊಬ್ಬಳು ಏನನ್ನೋ ಮಾಡಿ ತಂದು ತೋರಿಸಿದರೆ, ಒಂದು ಗಳಿಗೆ ನಿಂತು ನೋಡಿ. ಆ ಪ್ರಶ್ನೆ ಕೇಳಿದವಳು ಇದನ್ನು ಓದುತ್ತಿದ್ದರೆ, ನನ್ನ ತಡವಾದ ಉತ್ತರವನ್ನು ಸ್ವೀಕರಿಸಬೇಕೆಂದು ಕೋರುತ್ತೇನೆ.